ಪುಣೆಯ ಅರಬ್ ಹುಡುಗ ಲಂಡನ್ನಿನಲ್ಲಿ ನಾಟಕ ಕಲಿತದ್ದು

ಕೆಲವು ತಿಂಗಳ ಹಿಂದೆ ಸೌದಿಯ ದಮ್ಮಾಮಿನಿಂದ ನನಗೊಂದು ವಾಟ್ಸಾಪ್ ಧ್ವನಿ ಸಂದೇಶ ಬಂತು. ಕಳಿಸಿದವರು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ. ಹುಡುಗಿ ಡಿಗ್ರಿ ಮುಗಿಸಿದ್ದಾಳೆ. ಕಾಲೇಜಿನಲ್ಲಿ ಮೂರು ವರ್ಷವೂ ನಾಟಕದಲ್ಲಿ ಪಾತ್ರ ಮಾಡಿದವಳು. ಈಗ ನಾಟಕವನ್ನೇ ಓದಬೇಕು, ಮೊದಲು ಪುಣೆಯಲ್ಲಿ, ಆಮೇಲೆ ಸಾಧ್ಯವಾದರೆ ಇಂಗ್ಲೆಂಡಿನಲ್ಲಿ ಅಂತ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಊಟ-ಮಾತು ಎರಡೂ ಕಮ್ಮಿಯಾಗಿದೆಯಂತೆ. ತಂದೆಯ ಸಂದೇಶದಲ್ಲಿ ಸಿಟ್ಟು ಇರಲಿಲ್ಲ. ಒಂದು ಪ್ರಶ್ನೆ ಇತ್ತು: "ಮಾಷ್ಟ್ರೇ, ಡಾಕ್ಟರು, ಇಂಜಿನಿಯರು ಅಂದ್ರೆ ನಮಗೆ ದಾರಿ ಗೊತ್ತುಂಟು. ನಾಟಕ ಕಲಿಯಲಿಕ್ಕೆ ನಮ್ಮವರು ಯಾರಾದರೂ ಹೊರದೇಶಕ್ಕೆ ಹೋದದ್ದುಂಟಾ? ಹೋದವರು ಏನಾದರು?"

ನಾನು ಇತಿಹಾಸ ಪಾಠ ಮಾಡಿದವನು. ನಾಟಕ ಹಲಾಲೋ ಹರಾಮೋ ಎಂದು ಹೇಳಲು ಮುಫ್ತಿಯಲ್ಲ. ಆದರೆ ಅವರು ಕೇಳಿದ್ದು ಫತ್ವಾ ಅಲ್ಲ, ಇತಿಹಾಸ. "ಹೋದದ್ದುಂಟಾ, ಏನಾದರು" ಎಂಬ ಪ್ರಶ್ನೆಗೆ ಉತ್ತರ ಕೊಡುವುದು ನನ್ನ ಕಸುಬು. ಅವರಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಹುಡುಗ ಹುಡುಗಿಯರು ಇನ್ನೂ ಹಲವು ಮನೆಗಳಲ್ಲಿ ಇರಬಹುದು ಎಂಬ ಕಾರಣಕ್ಕೆ.

ಅರಬರು ನಮ್ಮಲ್ಲಿಗೆ ಬರುತ್ತಿದ್ದ ಕಾಲ

ನಾನೂ ಎರಡು ವರ್ಷ ಪುಣೆಯಲ್ಲಿ ಓದಿದವನೇ. ಅಲ್ಲಿನ ಕ್ಯಾಂಪ್ ಪ್ರದೇಶದಲ್ಲಿ ಸೇಂಟ್ ವಿನ್ಸೆಂಟ್ಸ್ ಎಂಬ ಜೆಸ್ಯೂಟ್ ಪಾದ್ರಿಗಳ ಹಳೆಯ ಶಾಲೆಯೊಂದಿದೆ. ಅದರ ಗೋಡೆಯ ಪಕ್ಕದಲ್ಲೇ ಎಷ್ಟೋ ಸಲ ನಡೆದುಹೋಗಿದ್ದೇನೆ. ಆ ಶಾಲೆಯ ಬೆಂಚಿನ ಮೇಲೆ ಯಾರು ಕೂತಿದ್ದರು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಒಂದು ನಿಮಿಷ ನಿಲ್ಲುತ್ತಿದ್ದೆನೋ ಏನೋ.

ಇಬ್ರಾಹಿಂ ಅಲ್ಕಾಜಿ ಹುಟ್ಟಿದ್ದು ಪುಣೆಯಲ್ಲಿ, 1925ರ ಅಕ್ಟೋಬರ್ 18ರಂದು. ತಂದೆ ಸೌದಿ ಅರೇಬಿಯಾದಿಂದ ಬಂದ ವ್ಯಾಪಾರಿ, ತಾಯಿ ಕುವೈತಿನವರು. ಒಂಬತ್ತು ಮಕ್ಕಳ ಸಂಸಾರ. ಮನೆಯಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್, ಹೊರಗೆ ಮರಾಠಿ, ಗುಜರಾತಿ.

ನಮ್ಮ ಕರಾವಳಿಯವರಿಗೆ ಈ ಮಾತು ಕೇಳಿದರೆ ಸ್ವಲ್ಪ ತಲೆಕೆಳಗಾದಂತೆ ಅನ್ನಿಸಬಹುದು. ಇವತ್ತು ನಾವು ಹೊಟ್ಟೆಪಾಡಿಗೆ ಜುಬೈಲ್, ದಮ್ಮಾಮ್, ಕುವೈತ್ ಅಂತ ಹೋಗುತ್ತೇವೆ. ಆಗ ಗಾಳಿ ತಿರುಗಿ ಬೀಸುತ್ತಿತ್ತು. ದಮ್ಮಾಮಿನಲ್ಲಿ ಎಣ್ಣೆ ಸಿಕ್ಕಿದ್ದು 1938ರಲ್ಲಿ. ಅದಕ್ಕಿಂತ ಮೊದಲು ಗಲ್ಫಿನ ಮುತ್ತು ಮಾರಾಟವಾಗುತ್ತಿದ್ದದ್ದು ಮುಂಬೈ ಪೇಟೆಯಲ್ಲಿ. ಅಕ್ಕಿ, ಮರ, ಬಟ್ಟೆ ಇಲ್ಲಿಂದ ಅಲ್ಲಿಗೆ ಹೋಗುತ್ತಿತ್ತು. ಕುವೈತಿನ ಅಂಗಡಿಗಳಲ್ಲಿ 1961ರವರೆಗೂ ನಡೆಯುತ್ತಿದ್ದದ್ದು ರೂಪಾಯಿ. ಭಟ್ಕಳದ, ಮಂಗಳೂರಿನ ಹಿರಿಯರಿಗೆ ಇದೆಲ್ಲ ಗೊತ್ತಿದ್ದದ್ದೇ. ಅಂದರೆ ಅಲ್ಕಾಜಿಯ ತಂದೆ ನಮ್ಮ ಹುಡುಗಿಯ ತಂದೆಯ ಹಾಗೆಯೇ, ಮನೆ ನಡೆಸಲು ಸಮುದ್ರ ದಾಟಿದವರು. ಅವರು ದಾಟಿದ್ದು ಈ ಕಡೆಗೆ, ಇವರು ದಾಟಿದ್ದು ಆ ಕಡೆಗೆ, ಅಷ್ಟೇ.

ಪುಣೆಯೂ ಆಗ ನಾಟಕದ ಊರು. ಮರಾಠಿ ಸಂಗೀತ ನಾಟಕವನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಮೂಲತಃ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ 'ಶಾಕುಂತಲ' 1880ರಲ್ಲಿ ಪುಣೆಯಲ್ಲೇ ರಂಗಕ್ಕೆ ಬಂತು. ಮುಂದೆ ಬಾಲಗಂಧರ್ವರ ಕಾಲ. ಅವರ ಕಂಪನಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಬಂದು ನಿಂತ ಗೋಹರ್‌ಬಾಯಿ ಯಾರು ಗೊತ್ತೇ? ವಿಜಯಪುರದ ಕಡೆಯ ಬೀಳಗಿಯ ಮುಸ್ಲಿಂ ಮನೆತನದ ಹೆಣ್ಣುಮಗಳು. ಹಿಂದಿ ಸಿನಿಮಾದ ಹಾಡುಗಾರ್ತಿ ಅಮೀರ್‌ಬಾಯಿ ಕರ್ನಾಟಕಿಯ ಸೋದರಿ. ಕನ್ನಡದ ರಂಗಭೂಮಿಯಲ್ಲಿ ಚಂದ್ರಕಲಾ ನಾಟಕ ಮಂಡಳಿ ಕಟ್ಟಿ ಹೆಸರು ಮಾಡಿದ ಮಹಮದ್ ಪೀರ್ ಅವರನ್ನೂ ಇಲ್ಲಿ ನೆನೆಯಬೇಕು. "ನಮ್ಮವರಿಗೂ ನಾಟಕಕ್ಕೂ ಏನು ಸಂಬಂಧ" ಎಂದು ಯಾರಾದರೂ ಕೇಳಿದರೆ ಈ ಮೂರು ಹೆಸರು ಸಾಕು.

ಮುಂಬೈ, ಒಂದು ಸಾವು, ಒಂದು ಮದುವೆ

ಶಾಲೆ ಮುಗಿಸಿ ಅಲ್ಕಾಜಿ ಮುಂಬೈನ ಸೇಂಟ್ ಕ್ಸೇವಿಯರ್ಸ್ ಕಾಲೇಜಿಗೆ ಬಂದರು. ಅಲ್ಲಿ ಸುಲ್ತಾನ್ ಪದಮ್ಸಿ ಎಂಬ ಯುವಕನ ಪರಿಚಯವಾಯಿತು. ಎಲ್ಲರೂ ಬಾಬಿ ಎನ್ನುತ್ತಿದ್ದರು. ಖೋಜಾ ಮುಸ್ಲಿಂ ಮನೆತನದ, ಕವಿತೆ ಬರೆಯುತ್ತಿದ್ದ, ಚಿತ್ರ ಬಿಡಿಸುತ್ತಿದ್ದ ಹುಡುಗ. 'ಥಿಯೇಟರ್ ಗ್ರೂಪ್' ಎಂಬ ಇಂಗ್ಲಿಷ್ ನಾಟಕ ತಂಡ ಅವನದೇ ಕೂಸು. ಅಲ್ಕಾಜಿ ಆ ತಂಡ ಸೇರಿದರು. 1946ರಲ್ಲಿ ಸುಲ್ತಾನ್ ತನ್ನ ಇಪ್ಪತ್ತಮೂರರ ಹರೆಯದಲ್ಲೇ ತೀರಿಕೊಂಡ. ತಂಡದ ಭಾರ ಅಲ್ಕಾಜಿಯ ಹೆಗಲಿಗೆ ಬಂತು. ಅದೇ ವರ್ಷ ಸುಲ್ತಾನನ ತಂಗಿ ರೋಶನ್ ಅವರೊಡನೆ ಮದುವೆಯೂ ಆಯಿತು. ಮರುವರ್ಷ ಮಗಳು ಅಮಲ್ ಹುಟ್ಟಿದಳು.

ಆ ಮರುವರ್ಷ ಯಾವುದು ಅಂತ ನೋಡಿ. 1947. ದೇಶ ಎರಡಾದ ವರ್ಷ. ಅಲ್ಕಾಜಿಯ ಮನೆಯವರು ಪಾಕಿಸ್ತಾನಕ್ಕೆ ಹೋದರು. ಇಬ್ರಾಹಿಂ ಹೋಗಲಿಲ್ಲ. ತಂದೆಯ ದೇಶ ಸೌದಿ, ತಾಯಿಯ ದೇಶ ಕುವೈತ್, ಒಡಹುಟ್ಟಿದವರು ಹೊರಟದ್ದು ಹೊಸ ದೇಶಕ್ಕೆ. ಹುಟ್ಟಿದ ಊರು ಮಾತ್ರ ಪುಣೆ. ಇಪ್ಪತ್ತೆರಡು ವರ್ಷದ ಯುವಕ ಹುಟ್ಟಿದ ನೆಲವನ್ನೇ ಹಿಡಿದುಕೊಂಡ. ಆ ಕಾಲದಲ್ಲಿ ಇಂಥ ತೀರ್ಮಾನ ಎಷ್ಟು ಮನೆಗಳಲ್ಲಿ ಎಷ್ಟು ಕಣ್ಣೀರು ತರಿಸಿತು ಎಂಬುದನ್ನು ಮುಸ್ಲಿಂ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರ ಎಷ್ಟೋ ಫೋಟೋ ಆಲ್ಬಂಗಳಲ್ಲಿ ಅರ್ಧ ಮುಖಗಳು ಕರಾಚಿಯವು.

ಲಂಡನ್ನಿನ ರೇಶನ್ ಕಾರ್ಡು

ದೇಶ ಸ್ವತಂತ್ರವಾದ ಆ ಹೊಸತರಲ್ಲೇ ಅಲ್ಕಾಜಿ ಲಂಡನ್ನಿಗೆ ಹೋಗಿ 'ರಾಡಾ' ಸೇರಿದರು. ರಾಯಲ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್ ಎಂಬುದು ಪೂರ್ತಿ ಹೆಸರು. 1904ರಲ್ಲಿ ಶುರುವಾದ ಶಾಲೆ. ನಾಟಕಕಾರ ಬರ್ನಾರ್ಡ್ ಶಾ ಅದರ ಆಡಳಿತ ಮಂಡಳಿಯಲ್ಲಿದ್ದವರು. ತಮ್ಮ ಪುಸ್ತಕಗಳ ಗೌರವಧನದ ಮೂರರಲ್ಲಿ ಒಂದು ಪಾಲನ್ನು ಆ ಶಾಲೆಗೇ ಬರೆದಿಟ್ಟು ಹೋದವರು.

ಲಂಡನ್ ಎಂದಕೂಡಲೇ ನಮ್ಮ ಕಣ್ಣಿಗೆ ಝಗಮಗ ದೀಪ ಕಾಣುತ್ತದೆ. 1940ರ ದಶಕದ ಕೊನೆಯ ಲಂಡನ್ ಹಾಗಿರಲಿಲ್ಲ. ಯುದ್ಧ ಗೆದ್ದ ದೇಶ, ಆದರೆ ಬ್ರೆಡ್ಡಿಗೂ 1948ರವರೆಗೆ ರೇಶನ್. ಸಕ್ಕರೆಗೆ 1953ರವರೆಗೆ, ಮಾಂಸಕ್ಕೆ 1954ರವರೆಗೆ. ಬಾಂಬು ಬಿದ್ದ ಕಟ್ಟಡಗಳ ಜಾಗದಲ್ಲಿ ಹುಲ್ಲು ಬೆಳೆದಿತ್ತು. ರಾಡಾದ ಸ್ವಂತ ರಂಗಮಂದಿರವೇ 1941ರ ಬಾಂಬು ದಾಳಿಯಲ್ಲಿ ನೆಲಸಮವಾಗಿತ್ತು. ಹೊಸದು ತಲೆ ಎತ್ತಿದ್ದು 1954ರಲ್ಲಿ. ಅಂದರೆ ಅಲ್ಕಾಜಿ ನಾಟಕ ಕಲಿತದ್ದು ರಂಗಮಂದಿರ ಕಳೆದುಕೊಂಡ ನಾಟಕ ಶಾಲೆಯಲ್ಲಿ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ನೀವು ಹೋಗುವ ಊರು ನಿಮ್ಮ ಕನಸಿನ ಫೋಟೋದ ಹಾಗೆ ಇರುವುದಿಲ್ಲ. ಅಲ್ಲೂ ಚಳಿ ಇರುತ್ತದೆ, ಬಾಡಿಗೆ ಇರುತ್ತದೆ, ಮುರಿದ ಗೋಡೆ ಇರುತ್ತದೆ.

ಹೊರನಾಡಿನಲ್ಲಿ ಓದುವ ಬದುಕು ಎಲ್ಲರಿಗೂ ಒಂದೇ ಥರ ಇರುವುದಿಲ್ಲ ಎಂಬುದಕ್ಕೆ ಅಲ್ಕಾಜಿಯ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಮುಂಬೈನ ಬೆನೆ ಇಸ್ರೇಲ್ ಯಹೂದಿ ಮನೆತನದ ಕವಿ ನಿಸ್ಸಿಂ ಎಝೆಕಿಯಲ್ ಅವರ ಗೆಳೆಯ. 1948ರಲ್ಲಿ ಎಝೆಕಿಯಲ್ ಲಂಡನ್ನಿಗೆ ಹೋಗಲು ಹಡಗಿನ ಟಿಕೆಟ್ಟಿನ ದುಡ್ಡು ಕೊಟ್ಟವರು ಅಲ್ಕಾಜಿ. ಅರಬ್ ಮುಸ್ಲಿಮನೊಬ್ಬ ಯಹೂದಿ ಗೆಳೆಯನಿಗೆ ಟಿಕೆಟ್ ಮಾಡಿಸಿದ ವರ್ಷ ಅದು. ಅದೇ 1948ರಲ್ಲಿ ಪ್ಯಾಲೆಸ್ತೀನಿನಲ್ಲಿ ಏನಾಗುತ್ತಿತ್ತು ಎಂಬುದನ್ನು ನೆನೆದರೆ ಈ ಸಣ್ಣ ಸಂಗತಿಯ ತೂಕ ಗೊತ್ತಾಗುತ್ತದೆ. ಎಝೆಕಿಯಲ್ ಅಲ್ಲಿ ನೆಲಮಾಳಿಗೆಯ ಕೋಣೆಯಲ್ಲಿ ಬಡತನದಲ್ಲೇ ಮೂರೂವರೆ ವರ್ಷ ಕಳೆದರು. ಕೊನೆಗೆ ಸರಕು ಹಡಗೊಂದರಲ್ಲಿ ಡೆಕ್ ತೊಳೆಯುವ ಕೆಲಸ ಹಿಡಿದು ಊರಿಗೆ ಮರಳಿದರು. ಅಲ್ಕಾಜಿಗೆ ಉಳ್ಳವರ ಮನೆಯ ಆಸರೆ ಇತ್ತು. ಇದನ್ನು ಮುಚ್ಚಿಟ್ಟು ಅವರ ಕತೆ ಹೇಳಿದರೆ ಅದು ಬಡವರ ಮಕ್ಕಳಿಗೆ ಮಾಡುವ ಮೋಸ. ಪ್ರತಿಭೆ ಇಬ್ಬರಿಗೂ ಇತ್ತು, ಟಿಕೆಟ್ಟಿನ ದುಡ್ಡು ಒಬ್ಬರ ಹತ್ತಿರ ಮಾತ್ರ ಇತ್ತು.

ರಾಡಾದಲ್ಲಿ ಕಲಿಸುತ್ತಿದ್ದದ್ದು ಧ್ವನಿ, ಉಚ್ಚಾರ, ನಡಿಗೆ, ಕತ್ತಿವರಸೆ, ಅಭಿನಯ. ದೇಹವನ್ನೇ ಒಂದು ವಾದ್ಯವನ್ನಾಗಿ ಮಾಡಿಕೊಳ್ಳುವ ಶಿಸ್ತು. ಹೊರಗೆ ಲಂಡನ್ನಿನ ಚಿತ್ರಶಾಲೆಗಳು, ವಸ್ತುಸಂಗ್ರಹಾಲಯಗಳು ಇದ್ದವು. ಅಲ್ಕಾಜಿ ಸ್ವತಃ ಚಿತ್ರಕಾರರೂ ಆಗಿದ್ದವರು. ನಾಟಕದವನಿಗೆ ಚಿತ್ರ, ಕಟ್ಟಡ, ಉಡುಪು, ಬೆಳಕು ಎಲ್ಲದರ ಗುರುತೂ ಇರಬೇಕು ಎಂಬ ಅವರ ಪಾಠವನ್ನು ಮುಂದೆ ದೆಹಲಿಯ ವಿದ್ಯಾರ್ಥಿಗಳೆಲ್ಲ ಕೇಳಿದರು.

1950ರಲ್ಲಿ ಅವರಿಗೆ ಬ್ರಿಟಿಷ್ ಡ್ರಾಮಾ ಲೀಗಿನ ಮನ್ನಣೆಯೂ ಬಿಬಿಸಿಯ ಪ್ರಶಸ್ತಿಯೂ ಬಂದವು. ಅಲ್ಲೇ ಉಳಿದು ಕೆಲಸ ಮಾಡುವ ಅವಕಾಶಗಳೂ ಬಂದವು. ಬೇಡವೆಂದು ಮುಂಬೈಗೆ ವಾಪಸಾದರು. ಹೀಗೆ ನಾಲ್ಕು ವರ್ಷದ ಒಳಗೆ ಎರಡು ಸಲ ಅವರ ಮುಂದೆ ಬೇರೆ ದೇಶದ ಬಾಗಿಲು ತೆರೆದುಕೊಂಡಿತ್ತು. ಎರಡೂ ಸಲ ಅವರು ಇಲ್ಲಿಗೇ ಬಂದರು.

ಆರು ಮಹಡಿ ಹತ್ತಿ ನಾಟಕ ನೋಡಿದವರು

ವಾಪಸು ಬಂದವರು ಸುಮ್ಮನೆ ಇಂಗ್ಲಿಷ್ ನಾಟಕ ಆಡಿಕೊಂಡು ಇರಬಹುದಿತ್ತು. ಹವ್ಯಾಸಕ್ಕೆ ನಾಟಕ ಮಾಡುವ ಶ್ರೀಮಂತರ ಬಳಗ ಮುಂಬೈನಲ್ಲಿ ಆಗಲೇ ಇತ್ತು. 1954ರಲ್ಲಿ ಅವರು ಅದರಿಂದ ಬೇರೆಯಾಗಿ 'ಥಿಯೇಟರ್ ಯುನಿಟ್' ಕಟ್ಟಿದರು. ತಾವು ವಾಸವಿದ್ದ ಕಂಬಾಲಾ ಹಿಲ್ಲಿನ ಕಟ್ಟಡದ ತಾರಸಿಯನ್ನೇ ರಂಗಮಂದಿರ ಮಾಡಿಕೊಂಡರು. ಹೆಸರು 'ಮೇಘದೂತ'. ಪ್ರೇಕ್ಷಕರು ಆರು ಮಹಡಿ ಹತ್ತಿ ಬಂದು ಆಕಾಶದ ಕೆಳಗೆ ಕೂತು ಗ್ರೀಕ್ ನಾಟಕ ನೋಡುತ್ತಿದ್ದರು.

ಅವರ ಮುಂಬೈ ನಾಟಕಗಳನ್ನು ನೋಡಿದವರಲ್ಲಿ ಧಾರವಾಡದಿಂದ ಬಂದಿದ್ದ ಒಬ್ಬ ಹುಡುಗನೂ ಇದ್ದ. ಗಿರೀಶ ಕಾರ್ನಾಡ. ಸ್ಟ್ರಿಂಡ್‌ಬರ್ಗನ 'ಮಿಸ್ ಜೂಲಿ'ಯನ್ನು ಅಲ್ಕಾಜಿ ಆಡಿಸಿದ್ದನ್ನು ನೋಡಿ ತಾವು ಬೆರಗಾದದ್ದನ್ನು ಕಾರ್ನಾಡರು ಬರೆದುಕೊಂಡಿದ್ದಾರೆ. ಮಂದವಾಗುವ, ಆರುವ, ಮತ್ತೆ ಮೂಡುವ ವಿದ್ಯುತ್ ದೀಪಗಳು ನಾಟಕದೊಳಗೆ ಏನು ಮಾಡಬಲ್ಲವು ಎಂಬುದು ಕಂಪನಿ ನಾಟಕ, ಬಯಲಾಟ ನೋಡಿ ಬೆಳೆದ ಕಣ್ಣಿಗೆ ಹೊಸತು.

ಕಾರ್ನಾಡರೂ 1960ರಲ್ಲಿ ಹೊರದೇಶಕ್ಕೆ ಓದಲು ಹೋದವರೇ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ. ಅವರು ಓದಲು ಹೋದದ್ದು ನಾಟಕವನ್ನಲ್ಲ. ಆದರೆ ಹೊರಡುವ ಮೊದಲು ಮನೆಯಲ್ಲಿ ಎದ್ದ ಆತಂಕ ನಮ್ಮ ಹುಡುಗಿಯ ಮನೆಯದ್ದೇ. ವಾಪಸು ಬರುತ್ತಾನೋ ಇಲ್ಲವೋ, ಅಲ್ಲೇ ಯಾರನ್ನಾದರೂ ಮದುವೆಯಾದರೆ ಏನು ಗತಿ, ಎಂಬ ತಂದೆತಾಯಿಯರ ಹೆದರಿಕೆ. ಆ ಒತ್ತಡದ ನಡುವೆ ಅವರ ಕೈಯಲ್ಲಿ ಹುಟ್ಟಿದ್ದು 'ಯಯಾತಿ', ಮಗ ತನ್ನ ಯೌವನವನ್ನು ತಂದೆಗೆ ಧಾರೆ ಎರೆಯುವ ಕತೆ. ಇಂಗ್ಲಿಷಿನಲ್ಲಿ ಬರೆಯುವ ಕನಸು ಕಟ್ಟಿಕೊಂಡಿದ್ದ ಯುವಕ ಹೊರಡುವ ಹೊತ್ತಿಗೆ ಕನ್ನಡದಲ್ಲಿ ನಾಟಕ ಬರೆದ. ಅದಕ್ಕೂ ಹಿಂದಿನ ತಲೆಮಾರಿನ ಕೈಲಾಸಂ ಲಂಡನ್ನಿಗೆ ಹೋದದ್ದು ಭೂಗರ್ಭಶಾಸ್ತ್ರ ಓದಲು. ಅಲ್ಲಿಂದ ಬಂದ ಮೇಲೆ ಅವರು ಅಗೆದದ್ದು ನಮ್ಮ ಮನೆಗಳ ಒಳಗನ್ನು, ಅಡುಗೆಮನೆಯ ಕನ್ನಡದಲ್ಲಿ. ಮಕ್ಕಳು ದೂರ ಹೋದರೆ ಭಾಷೆ ಮರೆಯುತ್ತಾರೆ ಅಂತ ನಾವು ಹೆದರುತ್ತೇವಲ್ಲ, ಈ ಇಬ್ಬರ ವಿಷಯದಲ್ಲಿ ಹಾಗಾಗಲಿಲ್ಲ.

ಒಂದು ನಾಟಕ, ಮೂರು ಊರು

1962ರಲ್ಲಿ ಅಲ್ಕಾಜಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಶಾಲೆ ಹುಟ್ಟಿ ಮೂರೇ ವರ್ಷವಾಗಿತ್ತು. 1977ರವರೆಗೆ, ಹದಿನೈದು ವರ್ಷ ಅಲ್ಲಿದ್ದರು. ಬಂದ ಹೊಸತರಲ್ಲಿ ಶೌಚಾಲಯವನ್ನು ತಾವೇ ತೊಳೆದು ವಿದ್ಯಾರ್ಥಿಗಳಿಗೆ ಮೊದಲ ಪಾಠ ಹೇಳಿದರು ಎಂಬ ಕತೆ ಅವರ ಶಿಷ್ಯವರ್ಗದಲ್ಲಿ ಈಗಲೂ ಓಡಾಡುತ್ತದೆ. ಲಂಡನ್ನಿನಲ್ಲಿ ಕಲಿತ ಶಿಸ್ತನ್ನು ಹಿಂದಿ-ಉರ್ದುವಿನಲ್ಲಿ ಪಾಠ ಮಾಡಿದರು. ಓಂ ಶಿವಪುರಿ, ಮನೋಹರ ಸಿಂಗ್, ಸುರೇಖಾ ಸಿಕ್ರಿ, ಪುಣೆಯಲ್ಲೇ ಹುಟ್ಟಿದ ರೋಹಿಣಿ ಹಟ್ಟಂಗಡಿ, ಓಂ ಪುರಿ, ನಸೀರುದ್ದೀನ್ ಶಾ ಹೀಗೆ ಸಾಲು ದೊಡ್ಡದು. ನಮ್ಮ ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ, ನಿರ್ದೇಶಕ ಪ್ರಸನ್ನ ಅಲ್ಲಿ ಕಲಿತವರು.

1963ರಲ್ಲಿ ಫಿರೋಜ್ ಶಾ ಕೋಟ್ಲಾದ ಪಾಳುಗೋಡೆಗಳ ನಡುವೆ ಧರ್ಮವೀರ ಭಾರತಿಯವರ 'ಅಂಧಾ ಯುಗ್' ಆಡಿಸಿದರು. ಮಹಾಭಾರತ ಯುದ್ಧದ ಕೊನೆಯ ದಿನದ ಕತೆ, ಬರೆದದ್ದು ದೇಶ ವಿಭಜನೆಯ ಗಾಯ ಹಸಿಯಾಗಿದ್ದಾಗ. ನೋಡಲು ನೆಹರೂ ಬಂದಿದ್ದರು. ವಿಭಜನೆಯಲ್ಲಿ ತನ್ನ ಮನೆಯವರಿಂದಲೇ ಬೇರೆಯಾದ ಒಬ್ಬ ಮುಸ್ಲಿಂ ನಿರ್ದೇಶಕ ಆ ನಾಟಕವನ್ನು ತುಘಲಕ್ ಮನೆತನದ ಸುಲ್ತಾನನೊಬ್ಬ ಕಟ್ಟಿಸಿದ ಕೋಟೆಯಲ್ಲಿ ಆಡಿಸಿದ.

ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಬರೆದ 'ತುಘಲಕ್' ನಾಟಕದ ಕತೆ ಇನ್ನೂ ಸ್ವಾರಸ್ಯದ್ದು. ಬರೆದವರು ಧಾರವಾಡದಲ್ಲಿ ಬೆಳೆದ ಕೊಂಕಣಿ ಮನೆಮಾತಿನವರು. ಉರ್ದುವಿಗೆ ತಂದವರು ಬಿ.ವಿ. ಕಾರಂತರು, ನಮ್ಮ ಬಂಟ್ವಾಳ ತಾಲೂಕಿನ ಮಂಚಿಯ ಬಾಬುಕೋಡಿಯವರು. ಚಿಕ್ಕ ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಕಾಶಿಯಲ್ಲಿ ಓದಿ, 1962ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯಿಂದ ಹೊರಬಂದವರು. ಅವರು ಓದುವಾಗ ಸಂಸಾರ ನಡೆದದ್ದು ಹೆಂಡತಿ ಪ್ರೇಮಾ ಅವರ ಟೀಚರ್ ಸಂಬಳದಲ್ಲಿ. ಆ ಅನುವಾದವನ್ನು 1970ರ ದಶಕದಲ್ಲಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದವರು ಪುಣೆಯ ಅಲ್ಕಾಜಿ. ಮನೋಹರ ಸಿಂಗ್ ಸುಲ್ತಾನನಾಗಿದ್ದರು. ಉಡುಪು ರೋಶನ್ ಅಲ್ಕಾಜಿಯವರದ್ದು. ಭಾರತದ ಪ್ರಾಚೀನ ಉಡುಪುಗಳ ಬಗ್ಗೆ ಮುಂದೆ ಅವರು ಪುಸ್ತಕವನ್ನೇ ಬರೆದರು.

ಮುಸ್ಲಿಂ ಸುಲ್ತಾನನನ್ನು ಹುಚ್ಚ ಎಂದು ತಳ್ಳಿಹಾಕದೆ, ದೊಡ್ಡ ಕನಸು ಕಂಡು ಸೋತ ಮನುಷ್ಯನಾಗಿ ನಾವು ನೋಡುವಂತಾದದ್ದು ಈ ನಾಟಕದಿಂದ. ಶಾಲೆಯಲ್ಲಿ ತುಘಲಕನ ಪಾಠ ಬಂದಾಗ ತರಗತಿಯ ಮುಸ್ಲಿಂ ಹುಡುಗರತ್ತ ತಿರುಗಿ ನಗುವವರು ನನ್ನ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ನಾನು ಮೇಷ್ಟ್ರಾದ ಮೇಲೆ ಆ ಪಾಠಕ್ಕೆ ಮೊದಲು ಕಾರ್ನಾಡರ ನಾಟಕ ಓದಿಸುತ್ತಿದ್ದೆ. ನಗು ಕಡಿಮೆಯಾಗುತ್ತಿತ್ತು.

ಎಲ್ಲವೂ ಹೊಗಳಿಕೆಯಲ್ಲ

ಅಲ್ಕಾಜಿಯ ಬಗ್ಗೆ ಆಕ್ಷೇಪಗಳೂ ಇದ್ದವು. ಅವರ ರಂಗಭೂಮಿ ಹೆಚ್ಚು ಪಾಶ್ಚಾತ್ಯ, ನಮ್ಮ ಜನಪದ ಆಟಗಳಿಗೆ ಅದರಲ್ಲಿ ಸಾಕಷ್ಟು ಜಾಗವಿಲ್ಲ ಎಂಬುದು ಒಂದು. ಶಿಸ್ತು ಕೆಲವೊಮ್ಮೆ ಸರ್ವಾಧಿಕಾರದಂತೆ ಕಾಣುತ್ತಿತ್ತು ಎಂಬುದು ಇನ್ನೊಂದು. ಅವರ ನಂತರ 1977ರಲ್ಲಿ ಅದೇ ಕುರ್ಚಿಗೆ ಬಂದ ಕಾರಂತರು ಸಂಗೀತವನ್ನೂ ಯಕ್ಷಗಾನದಂಥ ದೇಸಿ ರೂಪಗಳನ್ನೂ ಜೊತೆಗೆ ತಂದರು. ಹೊರದೇಶದಲ್ಲಿ ಕಲಿತವರು ಕೆಲವನ್ನು ಮಾತ್ರ ತರುತ್ತಾರೆ, ಉಳಿದದ್ದನ್ನು ಊರಲ್ಲೇ ಕಲಿತವರು ತರಬೇಕಾಗುತ್ತದೆ.

ಅವರ ಶಿಷ್ಯರೆಲ್ಲರ ದಾರಿ ಸುಗಮವೂ ಆಗಿರಲಿಲ್ಲ. ನಸೀರುದ್ದೀನ್ ಶಾ ಅವರನ್ನೇ ನೋಡಿ. ಅಲೀಗಢದಲ್ಲಿ ಓದಿ, ದೆಹಲಿಯ ನಾಟಕ ಶಾಲೆ ಮುಗಿಸಿ, 1973ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಬಂದರು. ಹಳೆಯ ಪ್ರಭಾತ್ ಸ್ಟುಡಿಯೋ ಆವರಣದಲ್ಲಿ 1960ರಲ್ಲಿ ಶುರುವಾದ ಸಂಸ್ಥೆ ಅದು. ತಂದೆಗೆ ಮಗ ನಟನಾಗುವುದು ಸುತರಾಂ ಇಷ್ಟವಿರಲಿಲ್ಲ. ಅಪ್ಪ-ಮಗನ ನಡುವಿನ ಆ ಬಿರುಕನ್ನು ನಸೀರ್ ತಮ್ಮ ಆತ್ಮಕತೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅವರು ಪುಣೆಯಲ್ಲಿದ್ದಾಗ ಸಂಸ್ಥೆಯ ನಿರ್ದೇಶಕರಾಗಿದ್ದವರು ನಮ್ಮ ಕಾರ್ನಾಡರು. ನಟನಾ ವಿದ್ಯಾರ್ಥಿಗಳ ಮುಷ್ಕರ ನಡೆಯಿತು. ಮುಂಚೂಣಿಯಲ್ಲಿ ನಸೀರ್, ಎದುರಿಗೆ ಕಾರ್ನಾಡ್. ಆಮೇಲೆ ಶ್ಯಾಮ್ ಬೆನಗಲ್ ತಮ್ಮ 'ನಿಶಾಂತ್' ಚಿತ್ರಕ್ಕೆ ಹೊಸ ಮುಖ ಹುಡುಕುತ್ತಿದ್ದಾಗ ಇದೇ ತಂಟೆಕೋರ ಹುಡುಗನ ಹೆಸರು ಹೇಳಿದವರೂ ಕಾರ್ನಾಡರೇ. ಜಗಳ ಜಗಳದ ಜಾಗದಲ್ಲಿ, ಯೋಗ್ಯತೆ ಯೋಗ್ಯತೆಯ ಜಾಗದಲ್ಲಿ. ಇಂಥ ಮೇಷ್ಟ್ರು ಸಿಗುವುದು ಅದೃಷ್ಟ.

ಹುಡುಗಿಯರ ಮಾತು ಬಂದರೆ

"ಅವರೆಲ್ಲ ಗಂಡಸರು ಮಾಷ್ಟ್ರೇ" ಎಂದು ಹುಡುಗಿಯ ತಂದೆ ಕೇಳಬಹುದೆಂದು ನನಗೆ ಗೊತ್ತಿತ್ತು. ಕೇಳಿದರು ಕೂಡ. ಆಗ ನಾನು ಜೊಹ್ರಾ ಸೆಹಗಲ್ ಅವರ ಹೆಸರು ಹೇಳಿದೆ. 1912ರಲ್ಲಿ ಉತ್ತರ ಪ್ರದೇಶದ ಸಹಾರನ್‌ಪುರದಲ್ಲಿ, ರಾಂಪುರದ ಪಠಾಣ ಮನೆತನದಲ್ಲಿ ಹುಟ್ಟಿದವರು. ಹುಟ್ಟುಹೆಸರು ಜೊಹ್ರಾ ಮುಮ್ತಾಜುಲ್ಲಾ ಖಾನ್. ಲಾಹೋರಿನ ಪರ್ದಾ ಶಾಲೆಯಲ್ಲಿ ಓದಿದ ಹುಡುಗಿ ಮಾವನ ಜೊತೆ ಕಾರಿನಲ್ಲೇ ಇರಾನ್, ಸಿರಿಯಾ, ಈಜಿಪ್ಟ್ ದಾಟಿಕೊಂಡು ಯೂರೋಪಿಗೆ ಹೋದಳು. ಜರ್ಮನಿಯ ಡ್ರೆಸ್ಡನ್ನಿನಲ್ಲಿ ಮೇರಿ ವಿಗ್ಮನ್ ಅವರ ಶಾಲೆಯಲ್ಲಿ 1930ರ ದಶಕದ ಆರಂಭದಲ್ಲಿ ಮೂರು ವರ್ಷ ನೃತ್ಯ ಕಲಿತಳು. ಉದಯ ಶಂಕರ್ ತಂಡದಲ್ಲಿ, ಪೃಥ್ವಿ ಥಿಯೇಟರಿನಲ್ಲಿ ದುಡಿದು, 102 ವರ್ಷ ಬದುಕಿ 2014ರಲ್ಲಿ ತೀರಿಕೊಂಡರು. ತೊಂಬತ್ತು ದಾಟಿದ ಮೇಲೂ ಅವರು ವೇದಿಕೆಯ ಮೇಲೆ ಉರ್ದು ಕವಿತೆ ಓದಿದ್ದನ್ನು ಜನ ನೋಡಿದ್ದಾರೆ.

ಅಲ್ಕಾಜಿಯ ಮಗಳು ಅಮಲ್ ಕೂಡ ರಾಷ್ಟ್ರೀಯ ನಾಟಕ ಶಾಲೆಯಲ್ಲೇ ಕಲಿತು ನಿರ್ದೇಶಕಿಯಾದರು. ಮುಂದೆ ಅದೇ ಸಂಸ್ಥೆಯ ಅಧ್ಯಕ್ಷರಾದರು.

ಉಳಿದ ಲೆಕ್ಕ

1977ರಲ್ಲಿ ಶಾಲೆ ಬಿಟ್ಟ ಅಲ್ಕಾಜಿ ರೋಶನ್ ಜೊತೆಗೂಡಿ ದೆಹಲಿಯಲ್ಲಿ 'ಆರ್ಟ್ ಹೆರಿಟೇಜ್' ಎಂಬ ಚಿತ್ರಶಾಲೆ ತೆರೆದರು. ಆಮೇಲಿನ ವರ್ಷಗಳಲ್ಲಿ ಹತ್ತೊಂಬತ್ತನೇ ಶತಮಾನದ ಫೋಟೋಗಳನ್ನು ದೇಶವಿದೇಶಗಳಿಂದ ಸಂಗ್ರಹಿಸಿದರು. ಆ ಸಂಗ್ರಹದಲ್ಲಿ ನಮ್ಮ ಹಂಪಿಯೂ ಇದೆ. ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರ ಸುಮಾರಿಗೆ ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ ವಿಜಯನಗರದ ಪಾಳುಗಳು. ಪುಣೆಯ ಅರಬ್ ವ್ಯಾಪಾರಿಯ ಮಗ ಹಂಪಿಯ ಹಳೆಯ ಮುಖವನ್ನು ಜೋಪಾನ ಮಾಡಿದ್ದಾರೆ ಎಂದು ನಮ್ಮ ಎಷ್ಟು ಮಂದಿಗೆ ಗೊತ್ತು? ಸರಕಾರ ಅವರಿಗೆ 1966ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ, 2010ರಲ್ಲಿ ಪದ್ಮವಿಭೂಷಣ ಕೊಟ್ಟಿತು. 2020ರ ಆಗಸ್ಟ್ 4ರಂದು ದೆಹಲಿಯಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ. ಕೊರೋನಾ ಕಾಲ. ದೊಡ್ಡ ಸುದ್ದಿಯಾಗಲಿಲ್ಲ.

ಇಷ್ಟನ್ನೂ ಮೂರು ನಾಲ್ಕು ಧ್ವನಿ ಸಂದೇಶಗಳಲ್ಲಿ ಹೇಳಿ ದಮ್ಮಾಮಿಗೆ ಕಳಿಸಿದೆ. ಜೊತೆಗೆ ಕೆಲವು ವ್ಯವಹಾರದ ಮಾತನ್ನೂ ಸೇರಿಸಿದೆ. ಲಂಡನ್ನಿನ ಫೀಸು ಲಕ್ಷಗಳಲ್ಲಿದೆ, ಸಾಲ ಮಾಡಿ ಹೋಗುವ ವಿದ್ಯೆ ಇದಲ್ಲ. ಪುಣೆಯ ವಿಶ್ವವಿದ್ಯಾಲಯದಲ್ಲಿ ಲಲಿತ ಕಲಾ ಕೇಂದ್ರ ಇದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಕಟ್ಟಿದ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿವೇತನ ಸಿಗುತ್ತದೆ, ಆದರೆ ಆಯ್ಕೆ ಬಹಳ ಕಷ್ಟ. ಕಲಿತ ಮೇಲೆ ತಿಂಗಳ ಸಂಬಳ ಖಾತ್ರಿ ಎಂದು ನಾನು ಹೇಳುವುದಿಲ್ಲ. ಸುಳ್ಳು ಹೇಳಿ ಮಗಳನ್ನು ಕಳಿಸಿಕೊಡಿ ಎನ್ನಲು ನನಗೆ ಮನಸ್ಸಿಲ್ಲ. ಶಾಲೆಯಲ್ಲಿ ನಾಟಕ ಕಲಿಸುವ ಕೆಲಸ ಹುಡುಕಿಕೊಳ್ಳಬಹುದು, ಅದಕ್ಕೆ ಒಂದು ಬಿ.ಎಡ್ ಕೂಡ ಮಾಡಿಕೊಂಡರೆ ಒಳ್ಳೆಯದು ಎಂದೆ.

ಎರಡು ದಿನ ಉತ್ತರವಿಲ್ಲ. ಮೂರನೇ ದಿನ ರಾತ್ರಿ, ಅವರ ಡ್ಯೂಟಿ ಮುಗಿದ ಮೇಲೆ ಇರಬೇಕು, ಫೋನಿಗೆ ಸಂದೇಶ ಬಂತು. ಹಿಂದೆ ಕ್ಯಾಂಪಿನ ಏಸಿಯ ಗರಗರ ಸದ್ದು.

"ಮಾಷ್ಟ್ರೇ, ಅವರ ಊರಿನವನ ಮಗ ನಮ್ಮ ಊರಿಗೆ ಬಂದು ಅಷ್ಟೆಲ್ಲ ಮಾಡಿದ್ದು ಇಲ್ಲಿ ನನ್ನ ರೂಮಿನವರಿಗೆ ಹೇಳಿದೆ. ಒಬ್ಬ ಸೌದಿಯವನಿಗೂ ಹೇಳಿದೆ, ಅವನಿಗೂ ಗೊತ್ತಿರಲಿಲ್ಲ. ಮೊದಲು ಪುಣೆ ಆಗಲಿ. ನಾನು ರಜೆಯಲ್ಲಿ ಬಂದಾಗ ಒಟ್ಟಿಗೆ ಹೋಗಿ ಹಾಸ್ಟೆಲ್ ನೋಡಿ ಬರುವ. ಲಂಡನ್ ಆಮೇಲೆ. ಒಂದು ಮಾತು ಮಾತ್ರ ಅವಳಿಗೆ ನೀವೇ ಹೇಳಬೇಕು. ಕಲಿತು ಇಲ್ಲಿಗೆ ಬರಬೇಕು, ಆ ಅಲ್ಕಾಜಿಯವರ ಹಾಗೆ."

ಹೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇನೆ. ಮುಂದಿನ ತಿಂಗಳು ಅವರು ಊರಿಗೆ ಬರುತ್ತಾರೆ. ಪುಣೆಗೆ ನನ್ನನ್ನೂ ಕರೆದಿದ್ದಾರೆ. ಹೋದರೆ ಈ ಸಲ ಕ್ಯಾಂಪಿನ ಆ ಶಾಲೆಯ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ಹುಡುಗಿಗೆ ತೋರಿಸಿ ಬರಬೇಕು.